ಹಳೆಯ ಟೋಪೋಶೀಟ್ ಹಿಡಿದು ಬಯಲುಸೀಮೆಯನ್ನು ಓದುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆಯ ನೆಲ ಮೇಲ್ನೋಟಕ್ಕೆ ಎಲ್ಲೆಲ್ಲೂ ಒಂದೇ ಥರ ಕಾಣುತ್ತದೆ. ರಾಗಿ ಹೊಲ, ನೀಲಗಿರಿ ತೋಪು, ನಡುನಡುವೆ ಬಂಡೆಗುಡ್ಡ, ಜಾಲಿ ಬೆಳೆದ ಕೆರೆಯಂಗಳ. ಇದೇ ನೆಲದ ಮೇಲೆ ಮೈಲಿಗೆ ಒಂದಿಂಚು ಅಳತೆಯ ಹಳೆಯ ಸರ್ವೆ ಆಫ್ ಇಂಡಿಯಾ ನಕ್ಷೆ, ಅಂದರೆ ನೆಲದ ಏರುತಗ್ಗು, ನೀರು, ಊರು, ದಾರಿ ಎಲ್ಲ ತೋರಿಸುವ ಟೋಪೋಶೀಟ್, ಹರಡಿಕೊಂಡು ಕೂತರೆ ಚಿತ್ರವೇ ಬೇರೆ. ಕೊಳವೆಬಾವಿ, ನೀಲಗಿರಿ, ಬಡಾವಣೆ ಬರುವ ಮುಂಚೆ ನೀರು ಎಲ್ಲಿ ಹರಿಯುತ್ತಿತ್ತು, ಊರು ಅಲ್ಲೇ ಯಾಕೆ ಕೂತಿತು, ದನ ಎಲ್ಲಿ ಮೇಯುತ್ತಿದ್ದವು, ಗಾಡಿ ಯಾವ ದಿಣ್ಣೆ ಹಿಡಿದು ಸಂತೆಗೆ ಹೋಗುತ್ತಿತ್ತು ಎಂಬುದೆಲ್ಲ ಅದರಲ್ಲಿದೆ. ಹೆಚ್ಚಿನವರು ನಕ್ಷೆ ಸಿಕ್ಕ ಕೂಡಲೇ ತಮ್ಮ ಊರಿನ ಹೆಸರು ಹುಡುಕುತ್ತಾರೆ, ಆಮೇಲೆ ರಸ್ತೆ ನೋಡುತ್ತಾರೆ. ಆ ಕ್ರಮದಲ್ಲಿ ಹೊರಟರೆ ನಕ್ಷೆ ಅರ್ಧಕ್ಕರ್ಧ ಮುಚ್ಚಿಕೊಂಡೇ ಇರುತ್ತದೆ. ಈ ಸೀಮೆಯಲ್ಲಿ ಮೊದಲು ಓದಬೇಕಾದ್ದು ನೀರು. ಊರು, ದಾರಿ, ತೋಪು, ಗೋಮಾಳ ಎಲ್ಲವೂ ನೀರಿನ ಲೆಕ್ಕಾಚಾರಕ್ಕೆ ಹೊಂದಿಕೊಂಡು ಕೂತಿವೆ.

ನಿಮ್ಮ ಊರಿನ ಹಾಳೆ ಯಾವುದು?

ಹಾಳೆಯ ಸಂಖ್ಯೆಯನ್ನು ಅಕ್ಷಾಂಶ ರೇಖಾಂಶದಿಂದ ನೀವೇ ಲೆಕ್ಕ ಹಾಕಬಹುದು. ಮೈಸೂರು ಪ್ರಸ್ಥಭೂಮಿಯ ಬಹುಭಾಗ 57ನೇ ಸಂಖ್ಯೆಯ ಚೌಕದಲ್ಲಿದೆ: ಪೂರ್ವ ರೇಖಾಂಶ 76ರಿಂದ 80 ಡಿಗ್ರಿ, ಉತ್ತರ ಅಕ್ಷಾಂಶ 12ರಿಂದ 16 ಡಿಗ್ರಿ. ಇದನ್ನು ಎ ಇಂದ ಪಿ ವರೆಗೆ 16 ಡಿಗ್ರಿ ಚೌಕಗಳಾಗಿ ಒಡೆದಿದ್ದಾರೆ. ಎ ವಾಯವ್ಯ ಮೂಲೆಯಲ್ಲಿದೆ. ಅಲ್ಲಿಂದ ಕೆಳಗಿಳಿಯುತ್ತಾ ಬಿ, ಸಿ, ಡಿ ಬರುತ್ತವೆ; ನಂತರ ಬಲಗಡೆಯ ಸಾಲಿನ ಮೇಲ್ತುದಿಯಿಂದ ಇ, ಎಫ್, ಜಿ, ಎಚ್, ಹೀಗೆ. ಪ್ರತಿ ಡಿಗ್ರಿ ಚೌಕವನ್ನು ಮತ್ತೆ ಅದೇ ಕ್ರಮದಲ್ಲಿ, ಮೇಲಿನಿಂದ ಕೆಳಕ್ಕೆ, 1ರಿಂದ 16ರವರೆಗೆ ಹದಿನೈದು ಮಿನಿಟಿನ ಹಾಳೆಗಳಾಗಿ ಕತ್ತರಿಸಿದ್ದಾರೆ. ಈ ಲೆಕ್ಕದಲ್ಲಿ ನಂದಿ ಬೆಟ್ಟ, ಚಿಕ್ಕಬಳ್ಳಾಪುರ 57 ಜಿ/11ರಲ್ಲಿ ಬರುತ್ತವೆ. ತುಮಕೂರು ಮತ್ತು ದೇವರಾಯನದುರ್ಗ 57 ಜಿ/3, ಕೋಲಾರ ಪಟ್ಟಣ 57 ಕೆ/4, ಚಿತ್ರದುರ್ಗ 57 ಬಿ/8. ಒಂದು ಹಾಳೆಯಲ್ಲಿ ಸುಮಾರು 750 ಚದರ ಕಿಲೋಮೀಟರ್ ನೆಲ ಇರುತ್ತದೆ.

2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಸಾರ್ವಜನಿಕ ಹಾಳೆಗಳಿಗೆ ಬೇರೆ ಸಂಖ್ಯಾಕ್ರಮವಿದೆ. ಅವುಗಳ ಅಳತೆ 1:50,000. ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿ ಇವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಹಳೆಯ ಒಂದಿಂಚಿನ ಹಾಳೆಗಳಿಗಾಗಿ ಹಳೆಯ ಕಾಲೇಜುಗಳ ಭೂಗೋಳ ಮತ್ತು ಭೂವಿಜ್ಞಾನ ವಿಭಾಗಗಳ ನಕ್ಷೆ ಬೀರು, ದೊಡ್ಡ ಗ್ರಂಥಾಲಯಗಳು, ಪತ್ರಾಗಾರಗಳಲ್ಲಿ ಹುಡುಕಬೇಕು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕ್ಯಾಸ್ಟನೆಡಾ ಗ್ರಂಥಾಲಯ 1950ರ ದಶಕದ 1:250,000 ಅಳತೆಯ ಭಾರತದ ಹಾಳೆಗಳನ್ನು ಜಾಲತಾಣದಲ್ಲಿ ಇಟ್ಟಿದೆ. ದೊಡ್ಡ ಕೆರೆ, ಹಳ್ಳ, ಗುಡ್ಡಸಾಲುಗಳ ಪರಿಚಯಕ್ಕೆ ಅದು ಸಾಕು. ಕುಂಟೆ, ಕಾಲುದಾರಿಗಳ ಮಟ್ಟಕ್ಕೆ ಇಳಿಯಬೇಕಾದರೆ ಒಂದಿಂಚಿನ ಹಾಳೆಯೇ ಬೇಕು.

ಅಂಚಿನ ಬರಹವನ್ನು ಬಿಟ್ಟು ಮುಂದೆ ಹೋಗಬೇಡಿ

ನಕ್ಷೆಯ ಒಳಗೆ ಕಣ್ಣು ಹಾಯಿಸುವ ಮೊದಲು ಅಂಚಿನಲ್ಲಿರುವ ಐದು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಸರ್ವೆಯಾದ ವರ್ಷ, ಅಚ್ಚಾದ ವರ್ಷ, ಅಳತೆ, ಕಾಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ) ಅಂತರ, ಎತ್ತರದ ಮಾನ (ಅಡಿಯೋ ಮೀಟರೋ). ಇವುಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ವರ್ಷ. ದೊಡ್ಡಕ್ಷರದಲ್ಲಿ 1940ರ ಆಸುಪಾಸಿನ ಇಸವಿ ಅಚ್ಚಾಗಿದ್ದರೂ ಸರ್ವೆ ನಡೆದದ್ದು ಮೂವತ್ತು ವರ್ಷ ಹಿಂದೆ ಇರಬಹುದು. ಮರುಮುದ್ರಣದಲ್ಲಿ ರೈಲುಮಾರ್ಗ, ಮುಖ್ಯರಸ್ತೆಯಷ್ಟನ್ನೇ ತಿದ್ದಿ ಉಳಿದದ್ದನ್ನು ಹಾಗೇ ಬಿಟ್ಟಿರುತ್ತಾರೆ. ಹಾಗಾಗಿ ಒಂದೇ ಹಾಳೆಯಲ್ಲಿ ರಸ್ತೆಯ ಕಾಲ ಒಂದು, ಕೆರೆಯ ಕಾಲ ಇನ್ನೊಂದು. ಅಂಚಿನಲ್ಲಿ ಚಿಕ್ಕದೊಂದು ಚೌಕಾಕಾರದ ಸೂಚಿ ಇದ್ದರೆ ನೋಡಿ. ಹಾಳೆಯ ಯಾವ ಭಾಗವನ್ನು ಯಾವ ವರ್ಷ ಅಳೆದರು ಎಂದು ಅದರಲ್ಲಿ ಹೇಳಿರುತ್ತಾರೆ.

ಸರ್ವೆ ತಂಡಗಳು ಮಳೆ ಮುಗಿದ ಮೇಲೆ ಹೊರಟು ಬೇಸಿಗೆಯವರೆಗೆ ಕೆಲಸ ಮಾಡುತ್ತಿದ್ದವು. ಇಸವಿ ‘1912-13’ ಎಂದು ಜೋಡಿಯಾಗಿದ್ದರೆ ಅದು ಆ ಒಂದು ಕೆಲಸದ ಹಂಗಾಮು. ಆ ವರ್ಷ ಮಳೆ ಹೇಗಿತ್ತು ಎಂಬುದು ಗೊತ್ತಾದರೆ ಕೆರೆಗಳ ಚಿತ್ರವನ್ನು ತೂಗಿ ನೋಡಲು ಅನುಕೂಲ.

ಒಂದಿಂಚಿನ ಹಾಳೆಗಳಲ್ಲಿ ಕಾಂಟೂರ್ ಅಂತರ ಸಾಮಾನ್ಯವಾಗಿ 50 ಅಡಿ; ಮೆಟ್ರಿಕ್‌ಗೆ ಬಂದ 1:50,000 ಹಾಳೆಗಳಲ್ಲಿ 20 ಮೀಟರ್. ಎರಡನ್ನೂ ಪಕ್ಕಪಕ್ಕ ಇಟ್ಟು ಗೆರೆಗೆ ಗೆರೆ ಹೋಲಿಸಲು ಹೋಗಬೇಡಿ. 50 ಅಡಿ ಎಂದರೆ 15.24 ಮೀಟರ್, ಗೆರೆಗಳು ಕೂಡುವುದೇ ಇಲ್ಲ. ಇನ್ನೂ ಒಂದು ಮಾತು: 40 ಅಡಿಯ ದಿಣ್ಣೆ ಎರಡು ಗೆರೆಗಳ ನಡುವೆ ಸದ್ದಿಲ್ಲದೆ ಕೂತಿರಬಹುದು. ನಕ್ಷೆಯಲ್ಲಿ ಸಪಾಟಾಗಿ ಕಂಡದ್ದು ನೆಲದಲ್ಲಿ ಸಪಾಟಾಗಿರಬೇಕೆಂದೇನಿಲ್ಲ.

ಅಳತೆ ಕೈಗೆ ಹತ್ತಲಿ

ಒಂದಿಂಚಿನ ಹಾಳೆಯ ಭಿನ್ನರಾಶಿ 1:63,360. ಅಂದರೆ ಒಂದು ಸೆಂಟಿಮೀಟರ್ ಸುಮಾರು 634 ಮೀಟರ್. ಈ ಅಳತೆಯಲ್ಲಿ ನಮ್ಮ ಸೀಮೆಯವರಿಗೆ ಹೇಳಿ ಮಾಡಿಸಿದಂಥ ಅನುಕೂಲವೊಂದಿದೆ: ನಕ್ಷೆಯ ಮೇಲಿನ ಒಂದು ಚದರ ಮಿಲಿಮೀಟರ್ ನೆಲದಲ್ಲಿ ಹೆಚ್ಚುಕಡಿಮೆ ಒಂದು ಎಕರೆ. ನಿಖರವಾಗಿ 0.99 ಎಕರೆ. ಮಿಲಿಮೀಟರ್ ಗ್ರಾಫ್ ಹಾಳೆಯನ್ನು ಪಾರದರ್ಶಕ ಶೀಟಿಗೆ ಜೆರಾಕ್ಸ್ ಮಾಡಿಸಿ ಕೆರೆಯ ಮೇಲಿಟ್ಟು ಗ್ರಾಫಿನ ಮಿಲಿಮೀಟರ್ ಮನೆಗಳನ್ನು (ಚೌಕಗಳನ್ನು) ಎಣಿಸಿ. ಅರ್ಧಕ್ಕಿಂತ ಹೆಚ್ಚು ತುಂಬಿದ ಮನೆಯನ್ನು ಒಂದೆಂದು ಹಿಡಿಯಿರಿ, ಕಡಿಮೆ ಇದ್ದುದನ್ನು ಬಿಡಿ. 62 ಮನೆ ಬಂದರೆ ಕೆರೆ ಸುಮಾರು 62 ಎಕರೆ. 1:50,000 ಹಾಳೆಯಲ್ಲಿ ಅದೇ ಒಂದು ಚದರ ಮಿಲಿಮೀಟರ್ ಸುಮಾರು 25 ಗುಂಟೆ.

ಜೆರಾಕ್ಸ್ ಅಥವಾ ಪ್ರಿಂಟ್ ಹಾಕಿಸಿದ ಪ್ರತಿಯಲ್ಲಿ ಅಳೆಯುವ ಮೊದಲು ಹಾಳೆಯ ಕೆಳಗಿನ ಮೈಲಿಪಟ್ಟಿಗೆ ಸ್ಕೇಲ್ ಹಿಡಿದು ನೋಡಿ. ಒಂದು ಮೈಲಿ 25.4 ಮಿಲಿಮೀಟರ್ ಬರಬೇಕು. 24.6 ಬಂದರೆ ಪ್ರಿಂಟರ್ ಹಾಳೆಗೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿದೆ ಎಂದರ್ಥ. ವಿಸ್ತೀರ್ಣದಲ್ಲಿ ನೂರಕ್ಕೆ ಆರು ಪಾಲು ಕಡಿಮೆ ತೋರುತ್ತದೆ. ಪ್ರಿಂಟ್ ಕೊಡುವಾಗ ‘ಆಕ್ಚುಯಲ್ ಸೈಜ್’ ಎಂದೇ ಆರಿಸಿ.

ರಸ್ತೆ, ಏರಿ, ಗುಡಿಗಳಂಥ ಚಿಹ್ನೆಗಳ ಅಗಲ ನಿಜವಾದ ಅಗಲವಲ್ಲ. ಅರ್ಧ ಮಿಲಿಮೀಟರ್ ಅಗಲದ ಜೋಡಿಗೆರೆಯ ರಸ್ತೆಯನ್ನು ಅಳೆದರೆ 32 ಮೀಟರ್ ಬರುತ್ತದೆ. ಆ ಕಾಲದಲ್ಲಿ ಅಷ್ಟು ಅಗಲದ ರಸ್ತೆ ಹಳ್ಳಿಗಾಡಿನಲ್ಲಿ ಎಲ್ಲಿತ್ತು?

ನೀರಿನ ಗೆರೆ ಹಿಡಿಯುವುದು

ಮೂಲ ಹಾಳೆಯ ಮೇಲೆ ಗೀಚಬೇಡಿ. ಒಂದು ಪ್ರತಿ ತೆಗೆಸಿ, ನೀಲಿ ಮತ್ತು ಕಂದು ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಕೂರಿ. ಈ ಕೆಲಸಕ್ಕೆ ಒಂದು ಇಡೀ ಸಂಜೆ ಬೇಕು. ಇದನ್ನು ಹಾರಿಸಿದವರಿಗೆ ಮುಂದಿನ ಯಾವ ಹಂತವೂ ಸರಿಯಾಗಿ ಕೂಡಿಬರುವುದಿಲ್ಲ.

ಮೊದಲು ನಿಮ್ಮ ಪ್ರದೇಶದ ಅತಿ ದೊಡ್ಡ ಕೆರೆಯನ್ನು ಆರಿಸಿ. ಅದಕ್ಕೆ ಬಂದು ಸೇರುವ ಪ್ರತಿ ಹಳ್ಳವನ್ನೂ ಮೇಲ್ಮುಖವಾಗಿ, ಗೆರೆ ಕೊನೆಯಾಗುವ ತನಕ ನೀಲಿಯಲ್ಲಿ ತಿದ್ದುತ್ತಾ ಹೋಗಿ. ಹಳ್ಳಗಳು ಹಾಳೆಯಲ್ಲಿ ಬಹುಪಾಲು ಕಪ್ಪುಗೆರೆಯಲ್ಲಿರುತ್ತವೆ. ಮಳೆಗಾಲ ಬಿಟ್ಟರೆ ಒಣಗಿರುವ ಹಳ್ಳ ಎಂದರ್ಥ. ವರ್ಷವಿಡೀ ನೀರಿರುವ ಕಡೆ ಮಾತ್ರ ನೀಲಿ. ದಾರಿಯಲ್ಲಿ ಸಿಗುವ ಕುಂಟೆ, ಕಟ್ಟೆ ಯಾವುದನ್ನೂ ಬಿಡಬೇಡಿ. ಎಲ್ಲಿ ಕಾಂಟೂರ್ ಗೆರೆಗಳು ಚೂಪಾಗಿ ಮೇಲ್ಭಾಗದ ಕಡೆ ಬಾಗಿವೆಯೋ ಅಲ್ಲಿ ಕಣಿವೆ ಇದೆ, ಹಳ್ಳದ ಗೆರೆ ಬರೆಯದಿದ್ದರೂ ನೀರು ಅಲ್ಲೇ ಇಳಿಯುತ್ತದೆ. ಎಲ್ಲಿ ಇಳಿಜಾರಿನ ಕಡೆ ಬಾಗಿವೆಯೋ ಅದು ದಿಣ್ಣೆಯ ಮೂಗು.

ಈಗ ಕಂದು ಪೆನ್ಸಿಲ್. ಎರಡು ಹಳ್ಳಗಳ ತಲೆಗಳ ನಡುವೆ ಹಾಯುತ್ತಾ, ಶಿಖರದಿಂದ ಶಿಖರಕ್ಕೆ, ದಿಣ್ಣೆಯ ನೆತ್ತಿ ಹಿಡಿದು ಜಲವಿಭಾಜಕ ಗೆರೆ, ಅಂದರೆ ಮಳೆನೀರು ಎರಡು ಕಡೆಗೆ ಬೇರೆಯಾಗುವ ಗೆರೆ, ಎಳೆಯಿರಿ. ನಿಯಮ ಒಂದೇ: ಕಂದು ಗೆರೆ ನೀಲಿ ಗೆರೆಯನ್ನು ಎಲ್ಲಿಯೂ ದಾಟಬಾರದು. ದಾಟಿದರೆ ಎಲ್ಲೋ ತಪ್ಪಿದ್ದೀರಿ, ಹಿಂದೆ ಹೋಗಿ. ಕೆರೆಯ ಏರಿಯ ಒಂದು ತುದಿಯಿಂದ ಹೊರಟ ಗೆರೆ ಇಡೀ ಜಲಾನಯನ (ಆ ಕೆರೆಗೆ ನೀರು ಹರಿದು ಬರುವ ನೆಲ) ಸುತ್ತಿ ಏರಿಯ ಇನ್ನೊಂದು ತುದಿಗೆ ಬಂದು ಮುಟ್ಟಬೇಕು.

ಬಯಲುಸೀಮೆಯಲ್ಲಿ ತೊಡಕಾಗುವುದು ಇಲ್ಲೇ. ಒಂದಿಂಚಿನ ಅಂತರದಲ್ಲಿ ಎರಡು ಕಾಂಟೂರ್ ಇದ್ದರೆ ಮೈಲಿಗೆ 50 ಅಡಿ ಇಳಿಜಾರು, ನೂರಕ್ಕೆ ಒಂದಕ್ಕಿಂತಲೂ ತುಸು ಕಡಿಮೆ. ಇಂಥ ಕಡೆ ನೆತ್ತಿ ಎಲ್ಲಿದೆ ಎಂದು ಕಾಂಟೂರ್ ಹೇಳುವುದಿಲ್ಲ. ಆಗ ಮೂರು ಸಾಕ್ಷಿ ಕೇಳಿ: ಹಳ್ಳಗಳ ತಲೆಗಳು, ಬಿಡಿಬಿಡಿಯಾಗಿ ಬರೆದ ಎತ್ತರದ ಅಂಕಿಗಳು, ಮತ್ತು ಹಳೆಯ ಗಾಡಿ ದಾರಿ. ಮಳೆಯಲ್ಲಿ ಹೂಳದ ಹಾಗೆ ಗಾಡಿಯವರು ಹಳ್ಳ ದಾಟುವುದನ್ನು ಆದಷ್ಟೂ ತಪ್ಪಿಸುತ್ತಿದ್ದರು. ಮೈಲಿಗಟ್ಟಲೆ ಒಂದೂ ಹಳ್ಳ ದಾಟದೆ ಸಾಗಿದ ದಾರಿ ಕಂಡರೆ ಅದು ಬಹುತೇಕ ನೆತ್ತಿಯ ಮೇಲೇ ಇದೆ.

57 ಜಿ/11 ಮತ್ತು ಅದರ ಅಕ್ಕಪಕ್ಕದ ಹಾಳೆಗಳಲ್ಲಿ ಈ ಕೆಲಸ ಮಾಡಿ ನೋಡಿ. ನಂದಿ ಸುತ್ತಿನ ಬೆಟ್ಟಗಳಿಂದ ಅರ್ಕಾವತಿ ದಕ್ಷಿಣಕ್ಕಿಳಿದು ಕಾವೇರಿಯ ಕಡೆ ಹೋಗುತ್ತದೆ, ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡೆ, ಉತ್ತರ ಪಿನಾಕಿನಿ ಆಂಧ್ರದ ಕಡೆ. 1,478 ಮೀಟರ್ ಎತ್ತರದ ಒಂದು ಬೆಟ್ಟದ ಬುಡದಲ್ಲಿ, ಕೆಲವೇ ಇಂಚಿನ ಕಾಗದದ ಮೇಲೆ, ಮೂರು ನದಿಗಳ ನೀರು ಬೇರೆಯಾಗುವುದನ್ನು ಸ್ವಂತ ಪೆನ್ಸಿಲಿನಲ್ಲಿ ಕಂಡುಕೊಂಡವರು ಆಮೇಲೆ ಯಾವ ನಕ್ಷೆಯನ್ನೂ ರಸ್ತೆಯಿಂದ ಓದಲು ಶುರು ಮಾಡುವುದಿಲ್ಲ.

ಕೆರೆಯನ್ನು ಬಿಡಿಸಿ ನೋಡುವುದು

ಕೆರೆಯ ಆಕಾರದಲ್ಲೇ ಹರಿವಿನ ದಿಕ್ಕು ಬರೆದಿದೆ. ಒಂದು ಮಗ್ಗುಲು ನೆಟ್ಟಗೆ ಅಥವಾ ಬಿಲ್ಲಿನಂತೆ ಬಾಗಿ ದಪ್ಪಗಿರುತ್ತದೆ, ಅದಕ್ಕೆ ಸಣ್ಣ ಹಲ್ಲುಗೆರೆಗಳಿರುತ್ತವೆ; ಅದು ಏರಿ. ಉಳಿದ ಅಂಚು ಕಾಂಟೂರಿನಂತೆ ಒಳಕ್ಕೆ ಹೊರಕ್ಕೆ ಬಾಗುತ್ತದೆ. ನೀರು ಬರುವುದು ಆ ಬಾಗುಗಳಿಂದ, ನಿಲ್ಲುವುದು ಏರಿಗೆ. ಏರಿಯ ಪಕ್ಕ ಒಂದು ಅಂಕಿ, ಅದರ ಬೆನ್ನಿಗೆ ‘ಆರ್’ ಎಂಬ ಸಣ್ಣ ಇಂಗ್ಲಿಷ್ ಅಕ್ಷರ ಇದ್ದರೆ ಅದು ಸಮುದ್ರಮಟ್ಟದಿಂದ ಎತ್ತರವಲ್ಲ, ಸುತ್ತಲಿನ ನೆಲದಿಂದ ಏರಿ ಎಷ್ಟು ಎತ್ತರ ಎಂಬುದು. ಹಳೆಯ ಹಾಳೆಯಲ್ಲಿ ಅಡಿಯಲ್ಲಿ, ಹೊಸದರಲ್ಲಿ ಮೀಟರಿನಲ್ಲಿ. ಇಂದು ಏರಿಯ ಪಕ್ಕ ನಿಂತು ಅದೇ ಎತ್ತರ ಅಳೆದು ನೋಡಿದರೆ ಹಿಂಬದಿಯಲ್ಲಿ ಹೂಳು ಎಷ್ಟು ಏರಿದೆ, ಮುಂಬದಿಯಲ್ಲಿ ಏರಿ ಎಷ್ಟು ಸವೆದಿದೆ ಎಂಬ ಅಂದಾಜು ಸಿಗುತ್ತದೆ.

ಕೋಡಿ (ಹೆಚ್ಚಾದ ನೀರು ಹೊರಬೀಳುವ ಜಾಗ) ಮತ್ತು ತೂಬಿಗೆ (ಗದ್ದೆಗೆ ನೀರು ಬಿಡುವ ಕಂಡಿ) ಎಲ್ಲ ಹಾಳೆಗಳಲ್ಲೂ ಚಿಹ್ನೆ ಇರುವುದಿಲ್ಲ. ಆದರೂ ಪತ್ತೆ ಹಚ್ಚಬಹುದು. ಏರಿಯ ತುದಿಯಿಂದ ಹಳ್ಳವೊಂದು ಹೊರಟಿದ್ದರೆ ಅಲ್ಲಿ ಕೋಡಿ. ಕೋಡಿಯನ್ನು ಸಾಮಾನ್ಯವಾಗಿ ಗಟ್ಟಿನೆಲ ಅಥವಾ ಬಂಡೆ ಸಿಗುವ ತುದಿಯಲ್ಲಿ ಇಡುತ್ತಿದ್ದರು, ಹಾಗಾಗಿ ಆ ಕಡೆ ಬಂಡೆಯ ಗುರುತೋ ಒತ್ತೊತ್ತಾದ ಕಾಂಟೂರೋ ಇದೆಯೇ ನೋಡಿ. ಏರಿಯ ನಡುಭಾಗದಿಂದ ಸಪೂರ ಗೆರೆ ಹೊರಟು ಅಚ್ಚುಕಟ್ಟಿನ (ಕೆರೆನೀರು ಉಣ್ಣುವ ಗದ್ದೆಬಯಲಿನ) ಅಂಚಿನಲ್ಲಿ ಸಾಗಿದ್ದರೆ ಅಲ್ಲಿ ತೂಬು. ಹಳ್ಳ ಏರಿಯ ನಟ್ಟನಡುವೆ ಸೀಳಿಕೊಂಡು ಹೋಗಿದ್ದು, ಅಂಗಳದಲ್ಲಿ ನೀರಿನ ಗುರುತೇ ಇಲ್ಲದೆ ಸಾಗುವಳಿಯ ಹಳದಿ ತುಂಬಿದ್ದರೆ ಅದು ಸರ್ವೆಯ ಕಾಲಕ್ಕೇ ಒಡೆದಿದ್ದ ಕೆರೆ. ಇಂಥದ್ದನ್ನು ‘ಇತ್ತೀಚೆಗೆ ಒತ್ತುವರಿಯಾದದ್ದು’ ಎಂದು ಬರೆದುಬಿಡುವುದು ದೊಡ್ಡ ತಪ್ಪು. ಬಹಳ ವರದಿಗಳಲ್ಲಿ ಈ ತಪ್ಪು ಕಾಣುತ್ತದೆ, ಅದರಿಂದ ನಿಜವಾದ ಒತ್ತುವರಿಯ ಮಾತೂ ಹಗುರಾಗುತ್ತದೆ.

ನೀರಿನ ಬಣ್ಣವನ್ನೂ ಎಚ್ಚರದಿಂದ ಓದಿ. ತುಂಬು ನೀಲಿ ವರ್ಷವಿಡೀ ನೀರು ನಿಲ್ಲುವ ಭಾಗ. ಬರಿಯ ಹೊರಗೆರೆ ಅಥವಾ ಮುರಿಗೆರೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಗೆ ಒಣಗುವ ಭಾಗ. ಸರಿಯಾದ ಅರ್ಥಕ್ಕೆ ಆ ಹಾಳೆಯದೇ ಚಿಹ್ನೆಪಟ್ಟಿ ನೋಡಿ, ಮುದ್ರಣದಿಂದ ಮುದ್ರಣಕ್ಕೆ ವ್ಯತ್ಯಾಸವಿದೆ. ಬಹಳಷ್ಟು ಕೆರೆಗಳು ಅಂದೇ ಹಂಗಾಮಿ ಕೆರೆಗಳು ಎಂಬುದು ಇಲ್ಲಿ ತಿಳಿಯುತ್ತದೆ.

ಆಮೇಲೆ ಸರಪಳಿ ಬರೆಯಿರಿ. ಮೇಲಿನ ಕುಂಟೆಯ ಕೋಡಿ ಯಾವ ಕೆರೆಗೆ, ಅದರ ಕೋಡಿ ಯಾವ ಕೆರೆಗೆ ಎಂದು ಬಾಣದ ಗುರುತು ಹಾಕುತ್ತಾ ಹೋಗಿ. ಪ್ರತಿ ಕೆರೆಗೂ ಒಂದು ಸಾಲು: ಹೆಸರು, ಅಂಗಳದ ಎಕರೆ, ಅಚ್ಚುಕಟ್ಟಿನ ಎಕರೆ, ಜಲಾನಯನದ ಎಕರೆ, ಕೋಡಿ ಯಾವ ತುದಿ, ಕೆಳಗಿನ ಕೆರೆ ಯಾವುದು. ಎರಡು ಕೆರೆಗಳ ನಡುವೆ ಹಳ್ಳವಲ್ಲದ, ಕಾಂಟೂರಿಗೆ ಸಮನಾಗಿ ದಿಣ್ಣೆಯ ಮೈ ಹಿಡಿದು ಸಾಗುವ ಗೆರೆ ಕಂಡರೆ ಅದು ಮನುಷ್ಯರು ತೋಡಿದ ಕಾಲುವೆ. ಅದನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಇಂದು ಮಣ್ಣು ತುಂಬಿ, ಉತ್ತು, ಮೊದಲು ಮಾಯವಾಗಿರುವುದು ಇಂಥ ಕಾಲುವೆಗಳೇ. ಕೆರೆ ಹೂಳೆತ್ತಿದರೂ ನೀರು ಬರುತ್ತಿಲ್ಲ ಎಂಬ ದೂರು ಇರುವ ಕಡೆ ಕಾರಣ ಈ ಗೆರೆಯಲ್ಲಿ ಸಿಗುವುದುಂಟು.

ಏರಿಯ ಕೆಳಗಿನ ಸಣ್ಣ ನೀಲಿ ಉಂಗುರಗಳು ಬಾವಿಗಳು. ಅಚ್ಚುಕಟ್ಟಿನ ಉದ್ದಕ್ಕೂ ಅವು ಸಾಲುಗಟ್ಟಿ ಕೂತಿದ್ದರೆ ಕೆರೆಯ ಬಸಿನೀರು ನಂಬಿ ತೋಡಿದ ಕಪಿಲೆ ಬಾವಿಗಳು ಎಂದು ಹಿಡಿಯಬಹುದು. ಹಳ್ಳದ ತಗ್ಗಿನಲ್ಲಿ ತಾಳೆ ಜಾತಿಯ ಮರದ ಚಿಹ್ನೆ ಗುಂಪಾಗಿದ್ದರೆ ಈ ಸೀಮೆಯಲ್ಲಿ ಅದು ಹೆಚ್ಚಾಗಿ ಈಚಲು. ಅಲ್ಲಿ ನೆಲದಡಿಯ ತೇವ ಮೇಲೇ ಇತ್ತು.

ಉಪಗ್ರಹ ಚಿತ್ರದ ಜೊತೆ ಹೋಲಿಸುವಾಗ ಒಂದು ಎಚ್ಚರಿಕೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ಕೆರೆಗಳು ಏಪ್ರಿಲ್‌ನಲ್ಲಿ ತುಂಬಿ ತುಳುಕಿದರೆ ಅದು ಅವುಗಳ ಜಲಾನಯನ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡವೂ ಮೇಲಿನಿಂದ ಕುಂಟೆಯಂತೆ ಕಾಣುತ್ತದೆ, ಆದರೆ ಅದರ ಅಂಚು ಚೌಕ.

ಊರು, ದಾರಿ, ತೋಪು

ಕೆರೆ ಅರ್ಥವಾದ ಮೇಲೆ ಊರು ತಾನಾಗೇ ಅರ್ಥವಾಗುತ್ತದೆ. ಕೆಂಪು ಚುಕ್ಕೆಗಳ ಗುಂಪು ಸಾಮಾನ್ಯವಾಗಿ ಗದ್ದೆಬಯಲಿಗೆ ಹತ್ತಿಕೊಂಡಂತೆ, ಆದರೆ ನೀರು ನಿಲ್ಲದ ಗರಸುನೆಲದ ಮೇಲೆ ಕೂತಿರುತ್ತದೆ. ಒಳ್ಳೆ ಮಣ್ಣನ್ನು ಮನೆ ಕಟ್ಟಿ ಕೆಡಿಸುತ್ತಿರಲಿಲ್ಲ. ಊರಿನ ಮಗ್ಗುಲಲ್ಲಿ ಒತ್ತಾದ ಮರದ ಚುಕ್ಕೆಗಳಿದ್ದರೆ ಗುಂಡುತೋಪು. ಈಗ ಅಲ್ಲಿ ಶಾಲೆಯೋ ಆಶ್ರಯ ಮನೆಗಳೋ ಬಂದಿರುವ ಸಾಧ್ಯತೆ ಹೆಚ್ಚು. ರಸ್ತೆಯ ಎರಡೂ ಬದಿ ಚುಕ್ಕೆಸಾಲು ಇದ್ದರೆ ಸಾಲುಮರ.

ಹೆಸರಿನಲ್ಲಿ ಕೆರೆ, ಕುಂಟೆ, ಕಟ್ಟೆ, ಸಮುದ್ರ, ಸಾಗರ, ಸಂದ್ರ ಇದ್ದು ಹತ್ತಿರದಲ್ಲಿ ನೀರಿನ ಗುರುತೇ ಇಲ್ಲದಿದ್ದರೆ ಸುತ್ತ ಒಂದು ಮೈಲಿಯಲ್ಲಿ ಮುರಿದ ಏರಿಯ ತುಂಡು ಹುಡುಕಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರುಗಳಲ್ಲಿ ಲ-ಳ, ತ-ಟ, ದ-ಡ ಎಲ್ಲ ಒಂದಾಗಿರುತ್ತವೆ, ಕೋಲಾರದ ಕಡೆ ತೆಲುಗಿನ ಪಲ್ಲಿಯೂ ಕನ್ನಡದ ಹಳ್ಳಿಯೂ ಬೆರೆತಿರುತ್ತವೆ. ಸರಿಯಾದ ಹೆಸರಿಗೆ ಪಹಣಿಯನ್ನೋ ಗ್ರಾಮ ನಕ್ಷೆಯನ್ನೋ ನೋಡಿ, ನಕ್ಷೆಯ ಕಾಗುಣಿತವನ್ನು ಕನ್ನಡಕ್ಕೆ ಹಾಗೇ ಇಳಿಸಬೇಡಿ.

ಹೆಸರಿದ್ದು ಮನೆಗಳ ಗುರುತಿಲ್ಲದ ಜಾಗಗಳನ್ನು ಬೇರೆ ಪಟ್ಟಿ ಮಾಡಿ. ಅವು ಬೇಚಿರಾಕ್ ಗ್ರಾಮಗಳಾಗಿರಬಹುದು: ಜನ ಬಿಟ್ಟುಹೋಗಿದ್ದಾರೆ, ಕಂದಾಯ ದಾಖಲೆಯಲ್ಲಿ ಗ್ರಾಮ ಮಾತ್ರ ಉಳಿದಿದೆ. ಅಂಥ ಕಡೆ ಹೋದಾಗ ಸುತ್ತಲಿನ ಕೆಮ್ಮಣ್ಣಿನ ನಡುವೆ ಬೂದುಬಣ್ಣದ ಮಣ್ಣಿನ ದಿಬ್ಬ, ಉತ್ತ ಸಾಲಿನಲ್ಲಿ ಮಡಕೆ ಚೂರು, ಒರಳುಕಲ್ಲಿನ ತುಂಡು, ಮುದಿ ಹುಣಸೆಮರ, ಒಂಟಿ ಆಂಜನೇಯನ ಗುಡಿ ಸಿಗುತ್ತವೆ. ಇವುಗಳಲ್ಲಿ ಮೂರಾದರೂ ಒಟ್ಟಿಗೆ ಸಿಕ್ಕದೆ ಹಾಳೂರು ಎಂದು ತೀರ್ಮಾನಿಸಬೇಡಿ. ಬರೀ ಗುಡಿ, ಬರೀ ಹುಣಸೆ ಎಲ್ಲ ಕಡೆಯೂ ಇವೆ.

ಬಿಳಿ ಜಾಗ ಖಾಲಿ ಜಾಗವಲ್ಲ

ಹಳದಿ ಸಾಗುವಳಿ, ಹಸಿರು ಕಾಡು. ಉಳಿದ ಬಿಳಿಯನ್ನು ಹೆಚ್ಚಿನವರು ಬೀಳು ಎಂದು ಬಿಡುತ್ತಾರೆ. ಗೋಮಾಳ, ಕುರಿ ಮೇಯುವ ಬೋರೆ, ಹಾಸುಬಂಡೆ, ಅಮೃತಮಹಲ್ ಕಾವಲು (ಅಮೃತಮಹಲ್ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು) ಎಲ್ಲವೂ ಆ ಬಿಳಿಯಲ್ಲೇ ಇವೆ. ಚಳ್ಳಕೆರೆ ತಾಲ್ಲೂಕಿನ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳು ಇದಕ್ಕೆ ದೊಡ್ಡ ಉದಾಹರಣೆ. ದನ ಕುರಿಗಳ ಹುಲ್ಲುಗಾವಲಾಗಿದ್ದ ಸಾವಿರಾರು ಎಕರೆ ನೆಲವನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ ಅದು ಯಾರೂ ಬಳಸದ ನೆಲವಾಗಿತ್ತೇ ಎಂಬ ಪ್ರಶ್ನೆ ಎದ್ದಿತು. ಬಿಳಿಯೊಳಗಿನ ಗುರುತುಗಳನ್ನು ಒಂದೊಂದಾಗಿ ನೋಡಿ: ಕುರುಚಲು ಗಿಡ, ಹಾಸುಬಂಡೆ, ಕೊರಕಲು, ಗೋಕಟ್ಟೆ. ನಾಲ್ಕು ಕಡೆಯಿಂದ ಕಾಲುದಾರಿಗಳು ಬಂದು ಬಿಳಿಯ ನಡುವಿನ ಒಂದು ಪುಟ್ಟ ಕಟ್ಟೆಗೆ ಸೇರಿದ್ದರೆ ಅದು ದನಗಾಹಿಗಳ ಜಾಗ.

ಗುಂಡಗೆ, ಒತ್ತೊತ್ತಾಗಿ ಮುಚ್ಚಿಕೊಂಡ ಕಾಂಟೂರ್ ಉಂಗುರಗಳು ಗ್ರಾನೈಟ್ ಬೆಟ್ಟಗಳು. ರಾಮನಗರದಿಂದ ತುಮಕೂರು, ಪಾವಗಡದ ಕಡೆಗೆ ಉತ್ತರ ದಕ್ಷಿಣವಾಗಿ ಹಾಯುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯಲ್ಲಿ ಇವು ಸಾಲುಗಟ್ಟಿವೆ. ಮಳೆ ಬಿದ್ದ ಕೂಡಲೇ ಬಂಡೆಯ ನೀರು ಬುಡಕ್ಕೆ ಇಳಿಯುವುದರಿಂದ ಬೆಟ್ಟದ ಸುತ್ತ ಸಣ್ಣ ಕುಂಟೆಗಳ ಮಾಲೆ ಇರುತ್ತದೆ. ಕಲ್ಲುಗಣಿ ಬಂದ ಕಡೆ ಇಡೀ ಉಂಗುರವೇ ಈಗ ಗುಂಡಿಯಾಗಿರಬಹುದು.

ಕಂಪ್ಯೂಟರಿನಲ್ಲಿ ಕೂರಿಸುವುದು

ಹಾಳೆಯನ್ನು 300 ಡಿಪಿಐಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿಸಿ. ಆಗ ಒಂದು ಪಿಕ್ಸೆಲ್ ನೆಲದಲ್ಲಿ ಸುಮಾರು 5.4 ಮೀಟರ್. ಮೊಬೈಲಿನಲ್ಲಿ ತೆಗೆದ ಫೋಟೋ ಅಂಚಿನಲ್ಲಿ ಬಾಗಿರುತ್ತದೆ, ಓದಲು ಸಾಕು, ಅಳೆಯಲು ಸಾಲದು. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಜಿಯೋರೆಫರೆನ್ಸರ್‌ನಲ್ಲಿ (ಸ್ಕ್ಯಾನ್ ಚಿತ್ರವನ್ನು ಭೂಮಿಯ ಮೇಲಿನ ಅದರ ಸರಿಯಾದ ಜಾಗಕ್ಕೆ ಕೂರಿಸುವ ಸಾಧನ) ತೆರೆದು, ಹಾಳೆಯ ನಾಲ್ಕು ಮೂಲೆ ಮತ್ತು ಐದೈದು ಮಿನಿಟಿನ ಅಕ್ಷಾಂಶ ರೇಖಾಂಶ ಕೂಡುವ ಜಾಗಗಳಿಗೆ ಬಿಂದು ಇಡಿ. ಪೂರ್ತಿ ಹಾಳೆಯಲ್ಲಿ ಒಟ್ಟು 16 ಬಿಂದು ಸಿಗುತ್ತವೆ.

ನಿರ್ದೇಶಾಂಕ ಪದ್ಧತಿ ಆರಿಸುವಾಗ ಡಬ್ಲ್ಯುಜಿಎಸ್ 84 (ಇಂದಿನ ಜಿಪಿಎಸ್ ಬಳಸುವ ಪದ್ಧತಿ) ಒತ್ತಿದರೆ ಕೆಲಸ ಕೆಡುತ್ತದೆ. ಈ ಹಾಳೆಗಳು ಭೂಮಿಯ ಆಕಾರಕ್ಕೆ ಹಿಂದೆ ಹಿಡಿದಿದ್ದ ಎವರೆಸ್ಟ್ ಗೋಳಾಕೃತಿಯ ಲೆಕ್ಕದಲ್ಲಿವೆ. ಕಲ್ಯಾಣಪುರ 1975, ಇಪಿಎಸ್‌ಜಿ 4146 ಆರಿಸಿ. ಇಲ್ಲವಾದರೆ ಇಡೀ ನಕ್ಷೆ ಇನ್ನೂರು ಮೀಟರ್ ಆಸುಪಾಸು ಪಕ್ಕಕ್ಕೆ ಕೂರುತ್ತದೆ, ಕೆರೆಯ ಏರಿ ಹೋಗಿ ಯಾರದೋ ಹೊಲದಲ್ಲಿ ನಿಲ್ಲುತ್ತದೆ. 1905ಕ್ಕಿಂತ ಹಿಂದಿನ ನಕ್ಷೆಗಳಲ್ಲಿ ರೇಖಾಂಶವೇ ಸುಮಾರು ಎರಡೂವರೆ ಮಿನಿಟ್ ಬೇರೆ, ನೆಲದಲ್ಲಿ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಆಗ ಮದ್ರಾಸ್ ವೀಕ್ಷಣಾಲಯದ ಹಳೆಯ ರೇಖಾಂಶವನ್ನು ಆಧಾರವಾಗಿ ಹಿಡಿದಿದ್ದರು.

ಕೂರಿಸಿದ ಮೇಲೆ ಉಪಗ್ರಹ ಚಿತ್ರ ಕೆಳಗಿಟ್ಟು ಬೆಟ್ಟದ ತುದಿ, ಹಳೆಯ ಕೋಟೆ, ಏರಿಯ ತುದಿ, ರೈಲು ಸೇತುವೆಗಳಲ್ಲಿ ಪರೀಕ್ಷಿಸಿ. ಕೂಡುರಸ್ತೆಗಳನ್ನು ನಂಬಬೇಡಿ, ಅವು ಸರಿದಿರುತ್ತವೆ. ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದಿದ್ದರೆ ತಪ್ಪು ಪದ್ಧತಿ ಆರಿಸಿದ್ದೀರಿ. ಒಂದೊಂದು ಕಡೆ ಒಂದೊಂದು ರೀತಿ ಸರಿದಿದ್ದರೆ ಕಾಗದ ಹಿಗ್ಗಿದೆ ಅಥವಾ ಮಡಿಕೆಯಿದೆ. ಬಿಂದು ಹೆಚ್ಚಿಸಿ, ಚಿತ್ರವನ್ನು ಜಾಗಜಾಗಕ್ಕೆ ಬೇರೆಬೇರೆಯಾಗಿ ಎಳೆದು ಹೊಂದಿಸುವ ‘ಥಿನ್ ಪ್ಲೇಟ್ ಸ್ಪ್ಲೈನ್’ ಆಯ್ಕೆ ಬಳಸಿ. ಉಳಿದದ್ದೆಲ್ಲ ಸರಿಯಿದ್ದು ಒಂದೇ ಒಂದು ಜಾಗ ತಪ್ಪಿದ್ದರೆ ಮಾತ್ರ ನೆಲ ಬದಲಾಗಿದೆಯೇ ಎಂದು ಕೇಳಿ.

ನೆಲಕ್ಕೆ ಇಳಿದಾಗ

ತೂಬು, ಅಂಗಳ, ಹಳೆಯ ಕಾಲುವೆ ನೋಡಬೇಕಾದರೆ ಏಪ್ರಿಲ್-ಮೇ ಒಳ್ಳೆಯದು. ನೀರು ನಿಜವಾಗಿ ಎಲ್ಲಿ ಹರಿಯುತ್ತದೆ ಎಂದು ತಿಳಿಯಬೇಕಾದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಜೋರು ಮಳೆಯ ಮಾರನೇ ದಿನ ಹೋಗಿ. ಎ3 ಹಾಳೆಯ ಪ್ರಿಂಟ್, ಪೆನ್ಸಿಲ್, ದಿಕ್ಸೂಚಿ, ಜಿಪಿಎಸ್ ಇರುವ ಮೊಬೈಲ್, 30 ಮೀಟರಿನ ಟೇಪು ಸಾಕು.

ಮೊದಲು ಎತ್ತರದ ಜಾಗ ಹತ್ತಿ ನಕ್ಷೆಯನ್ನು ನೆಲಕ್ಕೆ ಹೊಂದಿಸಿ. ಗುರುತು ಸಿಗುವ ಮೂರು ಬೆಟ್ಟಗಳನ್ನು ಆರಿಸಿ, ಪ್ರತಿಯೊಂದರ ದಿಕ್ಕನ್ನು ಡಿಗ್ರಿಯಲ್ಲಿ ಓದಿ, ಆ ಬೆಟ್ಟದಿಂದ ಹಿಮ್ಮುಖವಾಗಿ ಗೆರೆ ಎಳೆಯಿರಿ. ಮೂರೂ ಗೆರೆ ಕೂಡುವ ಜಾಗದಲ್ಲಿ ನೀವಿದ್ದೀರಿ. ಕಾಂತೀಯ ವ್ಯತ್ಯಾಸ ಈ ಸೀಮೆಯಲ್ಲಿ ಒಂದೆರಡು ಡಿಗ್ರಿಯೊಳಗೆ ಇರುವುದರಿಂದ ನಡಿಗೆಗೆ ತೊಂದರೆಯಿಲ್ಲ. ಮೊಬೈಲಿನ ನೀಲಿ ಚುಕ್ಕೆ ಇದೇ ಉತ್ತರವನ್ನು ಕ್ಷಣದಲ್ಲಿ ಕೊಡುತ್ತದಾದರೂ ಬೆಟ್ಟಗಳನ್ನು ಹೆಸರಿಟ್ಟು ಗುರುತಿಸುವ ಅಭ್ಯಾಸ ಮುಂದೆ ಪ್ರತಿ ಹೆಜ್ಜೆಗೂ ಬೇಕಾಗುತ್ತದೆ. ತ್ರಿಕೋನ ಚಿಹ್ನೆಯಿರುವ ಬೆಟ್ಟದ ನೆತ್ತಿಯಲ್ಲಿ ಬಂಡೆಯ ಮೇಲೆ ವೃತ್ತ, ಅದರೊಳಗೆ ಚುಕ್ಕೆ ಕೆತ್ತಿರುವುದು ಸಿಕ್ಕರೆ ಅದು ಸರ್ವೆಯ ಗುರುತು. ಅದನ್ನು ಕೆರೆಯಬೇಡಿ, ಸುಣ್ಣ ಬಳಿಯಬೇಡಿ.

ನಡೆಯಬೇಕಾದ್ದು ರಸ್ತೆ ಹಿಡಿದಲ್ಲ. ದಿಣ್ಣೆಯ ನೆತ್ತಿಯಿಂದ ಹೊರಟು ಹೊಲ, ಹಳ್ಳ, ಕೆರೆಯಂಗಳ, ಏರಿ, ಅಚ್ಚುಕಟ್ಟು ದಾಟಿ ಎದುರಿನ ದಿಣ್ಣೆಗೆ ಹತ್ತುವ ಅಡ್ಡಗೆರೆ ಹಿಡಿಯಿರಿ, ಎರಡು ಮೂರು ಕಿಲೋಮೀಟರ್ ಸಾಕು. ಸುಗ್ಗಿಗೆ ಮುಂಚೆ ಆದರೆ ಬದುವಿನ ಮೇಲೇ ನಡೆಯಿರಿ, ಹೊಲದವರನ್ನು ಕೇಳಿಯೇ ಇಳಿಯಿರಿ. ಪ್ರತಿ ಗುರುತಿಗೂ ನಾಲ್ಕು ಉತ್ತರಗಳಲ್ಲಿ ಒಂದು ಬರೆಯಿರಿ: ಹಾಗೇ ಇದೆ, ಬದಲಾಗಿದೆ, ಇಲ್ಲ, ನಕ್ಷೆಯಲ್ಲಿಲ್ಲದ್ದು ಬಂದಿದೆ. ಜೊತೆಗೆ ಜಿಪಿಎಸ್ ಬಿಂದು, ತಾರೀಖು, ಫೋಟೋ ತೆಗೆದ ದಿಕ್ಕು.

ಊರಿನ ಹಿರಿಯರಿಗೆ ನಕ್ಷೆ ತೋರಿಸಿ ‘ಇದು ಏನು’ ಎಂದು ಕೇಳಬೇಡಿ. ಏರಿಯ ಮೇಲೆ ಜೊತೆಗೆ ನಿಂತು, ‘ಅಜ್ಜಾ, ಈ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗ್ತಿತ್ತು? ನೀರುಗಂಟಿ ಯಾರ ಮನೆಯವರು? ದನ ಯಾವ ಕಡೆ ಹೊಡೀತಿದ್ರಿ?’ ಎಂದು ಕೇಳಿ. ಉತ್ತರವನ್ನು ಆಮೇಲೆ ನಕ್ಷೆಗೆ ತಾಳೆ ಹಾಕಿ. ಇಬ್ಬರಿಂದಲಾದರೂ, ಸಾಧ್ಯವಾದರೆ ಏರಿಯ ಮೇಲಿನ ಊರಿನವರಿಂದ ಒಬ್ಬರು, ಕೆಳಗಿನ ಊರಿನವರಿಂದ ಒಬ್ಬರು, ಕೇಳಬೇಕು. ನೀರಿನ ವಿಷಯದಲ್ಲಿ ಎರಡು ಊರಿನ ನೆನಪು ಒಂದೇ ಇರುವುದಿಲ್ಲ.

ಗ್ರಾಮ ನಕ್ಷೆಗೆ ದಾಟಿಸುವುದು

ಟೋಪೋಶೀಟಿನಲ್ಲಿ ಸರ್ವೆ ನಂಬರ್ ಇಲ್ಲ, ಜಮೀನಿನ ಗಡಿಗೆ ಅದು ಆಧಾರವೂ ಅಲ್ಲ. ಕೆರೆ ಅಥವಾ ರಾಜಕಾಲುವೆ ಒತ್ತುವರಿಯ ಅರ್ಜಿಗೆ ಅದೊಂದನ್ನೇ ಲಗತ್ತಿಸಿದರೆ ಫಲವಿಲ್ಲ. ನಿಮ್ಮ ನೀಲಿ ಗೆರೆಯನ್ನು ಗ್ರಾಮ ನಕ್ಷೆಗೆ ದಾಟಿಸಬೇಕು. ಹಳೆಯ ಗ್ರಾಮ ನಕ್ಷೆಗಳು ಬಹುಪಾಲು 1:7,920 ಅಳತೆಯಲ್ಲಿವೆ, ಮೈಲಿಗೆ ಎಂಟು ಇಂಚು. ಅವುಗಳಲ್ಲಿ ಹಳ್ಳ, ಕೆರೆ, ಬಂಡಿದಾರಿ, ಗುಂಡುತೋಪು, ಗಡಿಕಲ್ಲು ಸರ್ವೆ ನಂಬರಿನ ಜೊತೆಗೇ ಇವೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಸ್ಕ್ಯಾನ್ ಪ್ರತಿ ಸಿಗುತ್ತದೆ. ಏರಿಯ ಎರಡು ತುದಿ ಮತ್ತು ಮೂರು ಗ್ರಾಮಗಳ ಗಡಿ ಕೂಡುವ ಕಲ್ಲನ್ನು ಹೊಂದಿಸಿಕೊಂಡರೆ ಎರಡೂ ನಕ್ಷೆ ಒಂದರ ಮೇಲೊಂದು ಕೂರುತ್ತವೆ. ಹೊಲದಲ್ಲಿ ನಿಂತಾಗ ದಿಶಾಂಕ್ ಆಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಹತ್ತಾರು ಮೀಟರ್ ಆಚೀಚೆ ಇರಬಹುದು, ಹಾಗಾಗಿ ಅಕ್ಕಪಕ್ಕದ ನಂಬರುಗಳನ್ನೂ ಬರೆದುಕೊಳ್ಳಿ.

ಹೀಗೆ ಸಿಕ್ಕ ನಂಬರುಗಳಿಗೆ ಪಹಣಿ ತೆಗೆದು ಖರಾಬು (ಸಾಗುವಳಿಗೆ ಬಾರದ ನೆಲ) ಕಾಲಂ ನೋಡಿ. ಹಳ್ಳ, ದಾರಿ, ಕೆರೆಯ ಜಾಗ ‘ಬಿ’ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲದಲ್ಲಿ, ಇರಬೇಕು. ಟೋಪೋಶೀಟಿನಲ್ಲೂ ಗ್ರಾಮ ನಕ್ಷೆಯಲ್ಲೂ ಹಳ್ಳ ಇದ್ದು ಪಹಣಿಯಲ್ಲಿ ಬಿ ಖರಾಬು ಸೊನ್ನೆ ಎಂದಿದ್ದರೆ ಆ ನಂಬರಿಗೆ ಆಕಾರಬಂದ್ (ವಿಸ್ತೀರ್ಣ, ಖರಾಬು, ಕಂದಾಯದ ಮೂಲ ದಾಖಲೆ) ಮತ್ತು ಟಿಪ್ಪಣಿಯ (ಅಳತೆಯ ಕೈನಕ್ಷೆ) ನಕಲಿಗೆ ತಾಲ್ಲೂಕು ಕಚೇರಿಯ ಸರ್ವೆ ವಿಭಾಗದಲ್ಲಿ ಅರ್ಜಿ ಹಾಕಿ. ಅರ್ಜಿಯ ಜೊತೆ ಟೋಪೋಶೀಟಿನ ಸಂಖ್ಯೆ, ಸರ್ವೆಯಾದ ವರ್ಷ, ನೀವು ಗುರುತಿಸಿದ ಭಾಗದ ಪ್ರತಿ ಮತ್ತು ಜಿಪಿಎಸ್ ಬಿಂದುಗಳ ಪಟ್ಟಿ ಇರಲಿ.